ಉಪ್ಪಿನ ಪ್ಯಾಕೆಟ್ ಮೇಲೆ ತಾರೀಖು ಬರೆಯಿರಿ

ಕೇಳುಗರಿಗೆಲ್ಲ ನಮಸ್ಕಾರ. ಹೃದಯ, ರಕ್ತನಾಳಗಳ ಬಗ್ಗೆ ಐದು ನಿಮಿಷ ಮಾತಾಡಿ ಅಂದಿದ್ದಾರೆ. ನಾನು ಒಂದೇ ಮಾತು ಹೇಳೋಕೆ ಬಂದಿದ್ದೇನೆ. ರೇಡಿಯೋ ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿರುವ ಅಕ್ಕಂದಿರೇ, ಉಪ್ಪಿನ ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ಅಷ್ಟೇ.

ಯಾಕೆ ಅಂತೀರಾ? ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ನನ್ನ ಹತ್ತಿರ ಬರುತ್ತಾರೆ. ಅವರ ಮಣ್ಣು, ಬೋರಿನ ನೀರು, ಬಳ್ಳಿಯ ಎಲೆತೊಟ್ಟು ಸಹ ವರ್ಷ ತಪ್ಪದೆ ಲ್ಯಾಬಿಗೆ ಹೋಗುತ್ತವೆ. ಅವರ ತೋಳಿಗೆ ಬಿಪಿ ಪಟ್ಟಿ ಸುತ್ತಿದ್ದು ಮಾತ್ರ 52ನೇ ವಯಸ್ಸಿಗೆ, ಅದೂ ಮಗಳ ಕಾಟಕ್ಕೆ. 170/100 ಇತ್ತು. ತಲೆನೋವಿಲ್ಲ, ಸುಸ್ತಿಲ್ಲ, ಏನೂ ಇಲ್ಲ. ಬಿಪಿ ಹಾಗೇನೇ, ಸದ್ದು ಮಾಡಲ್ಲ. ಗುಳಿಗೆ ಬರೆದುಕೊಟ್ಟೆ.

ಎರಡು ತಿಂಗಳಿಗೆ ಮತ್ತೆ ಬಂದರು. ಬಿಪಿ ಇದ್ದಲ್ಲೇ ಇದೆ. ಗುಳಿಗೆ ಬಿಟ್ಟುಬಿಟ್ಟಿದ್ದಾರೆ! ಚೀಲದಿಂದ ಒಂದು ಬಾಟಲಿ ತೆಗೆದು ಟೇಬಲ್ ಮೇಲಿಟ್ಟರು. ಬಳ್ಳೊಳ್ಳಿ, ಶುಂಠಿ, ಇಂಡಿ ತಾಲೂಕಿನ ನಿಂಬೆರಸ, ಜೇನು. ವಾಟ್ಸಾಪಿನ ಔಷಧ. "ಸಾಹೇಬ್ರ, ಡ್ರಿಪ್ ಪೈಪು ಕಟ್ಟಿದ್ರ ಆಸಿಡ್ ಬಿಡ್ತೀವ್ರಿ. ಹಂಗ ಎದಿ ನಳಕ್ಕ ಇದನ್ನ ಬಿಡಾಕ್ಹತ್ತೀನ್ರಿ" ಅಂದರು.

ನನಗೆ ನಗು ಬಂತು, ಸಿಟ್ಟೂ ಬಂತು. ಡ್ರಿಪ್ ಯಾಕೆ ಕಟ್ಟುತ್ತದೆ ಅಂತ ಕೇಳಿದೆ. "ಸವಳು ನೀರ್ರೀ." ನೀರು ಸರಿ ಮಾಡದೆ ಬರೀ ಆಸಿಡ್ ಬಿಟ್ಟರೆ? "ಮತ್ತ ಕಟ್ಟತೈತ್ರಿ." ರಕ್ತನಾಳಕ್ಕಂತೂ ತೊಳೆಯೋ ಆಸಿಡ್ಡೇ ಇಲ್ಲ ಅಂದೆ. ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ, ಒತ್ತಡ ಏರುತ್ತದೆ. ಆ ಒತ್ತಡಕ್ಕೆ ನಾಳದ ಒಳಮೈ ಸವೆಯುತ್ತದೆ. ಸವೆದ ಜಾಗದಲ್ಲಿ ಕೊಬ್ಬು ಬಂದು ಕೂರುತ್ತದೆ.

"ನಮ್ಮನ್ಯಾಗ ಉಪ್ಪು ಭಾಳ ಇಲ್ರಿ, ರೊಟ್ಟಿಗಿ ಹಾಕಂಗೇ ಇಲ್ಲ" ಅಂದರು ಅವರ ಮನೆಯವರು. ಜೋಳದ ರೊಟ್ಟಿಗೆ ಉಪ್ಪಿಲ್ಲ, ನಿಜ. ಆದರೆ ರೊಟ್ಟಿಯ ಪಕ್ಕದಲ್ಲಿ? ಶೇಂಗಾ ಹಿಂಡಿ ಅನ್ನೋ ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ, ಉಪ್ಪು ಹಾಕಿದ ಮಜ್ಜಿಗೆ!

ಲೆಕ್ಕ ಹೇಳಿಕೊಟ್ಟೆ. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ, ಅದಕ್ಕಿಂತ ಜಾಸ್ತಿ ಬೇಡ. ಮನೆಯಲ್ಲಿ ನಾಲ್ಕು ಜನ. ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. ತಾರೀಖು ಬರೆಯಿರಿ ಅಂದೆ. ಅವರ ಪ್ಯಾಕೆಟ್ 23 ದಿನಕ್ಕೆ ಖಾಲಿ! ವರ್ಷದ ಮಾವಿನ ಉಪ್ಪಿನಕಾಯಿಗೆ ಹಾಕಿದ್ದು ಬೇರೆ.

ಆ ತಾಯಿ ಜಾಣೆ. ಹಿಂಡಿಗೆ ಉಪ್ಪು ಅರ್ಧ ಮಾಡಿ, ಬಳ್ಳೊಳ್ಳಿ ಜೀರಿಗೆ ಹೆಚ್ಚಿಸಿದರು. ನಿಂಬೆರಸ ಪಲ್ಯಕ್ಕೆ ಬಿತ್ತು. ಬಾಟಲಿಯಲ್ಲಿದ್ದದ್ದು ಕೊನೆಗೆ ತಟ್ಟೆಗೆ ಬಂತು ನೋಡಿ. ಮುಂದಿನ ಪ್ಯಾಕೆಟ್ 31 ದಿನ, ಅದರ ಮುಂದಿನದು 40. ಯಜಮಾನರು ಗುಳಿಗೆ ಮತ್ತೆ ಶುರು ಮಾಡಿದರು. ಈಗ 134/84.

ಅಯ್ಯೋ, ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ಟೈಮ್ ಆಗ್ತಾ ಬಂತು. ಬೇಗ ಹೇಳುತ್ತೇನೆ. ಸೈಂಧವ ಲವಣವೂ ಉಪ್ಪೇ. ಮಿರ್ಚಿ ಭಜಿಯ ಸೋಡಾದಲ್ಲೂ ಸೋಡಿಯಂ ಇದೆ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ, ತೋಟಕ್ಕೆ ಹೋಗೋಕೆ ಬೈಕ್ ಯಾಕೆ? ಅಗಸಿ ಹಿಂಡಿ ಒಳ್ಳೆಯದು, ಉಪ್ಪು ಕಡಿಮೆ ಇದ್ದರೆ. ತಂಬಾಕು, ಗುಟಕಾ, ಬೀಡಿ ಬಿಡಿ, ಅದರಲ್ಲಿ ವಾದವೇ ಇಲ್ಲ. ಎದೆ ಹಿಂಡಿದಂತಾಗಿ ಬೆವರು ಕಿತ್ತುಕೊಂಡು ಬಂದರೆ ಗ್ಯಾಸು ಅಂತ ಸುಮ್ನೆ ಸೋಡಾ ಕುಡಿಯುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ತಾರೀಖು ಮರೀಬೇಡಿ. ಅಡುಗೆಮನೆಯಲ್ಲಿ ಪೆನ್ನು ಸಿಗಲ್ಲ ಅಂತ ಗೊತ್ತು, ಮಕ್ಕಳ ಕಂಪಾಸಿನಿಂದ ತಗೊಳ್ಳಿ. ನಮಸ್ಕಾರ.