ಸ್ಟ್ರೋಕ್ ಆದ್ಮೇಲೆ ತಲೆ ಮೊದಲಿನ ಥರ ಆಗುತ್ತಾ? ಮೊದಲೇ ಹೇಳಕ್ಕಾಗುತ್ತಾ?

ನಮಸ್ಕಾರ. ಬಸವನಗುಡಿಯಿಂದ ಒಬ್ರು ಮೆಸೇಜ್ ಮಾಡಿದ್ರು. ಅವರಪ್ಪನಿಗೆ ಸ್ಟ್ರೋಕ್ ಆಗಿ ನಾಲ್ಕು ತಿಂಗಳು. ಕೈ ಬಂತು, ಕಾಲು ಬಂತು, ವಾಕಿಂಗೂ ಹೋಗ್ತಾರಂತೆ, ಆದ್ರೆ ಹಾಲಿನ ಲೆಕ್ಕ ತಪ್ಪುತ್ತೆ, ಮಾತಿಲ್ಲ, ಟಿವೀಲಿ ಕ್ರಿಕೆಟ್ ಹಾಕಿದ್ರೂ ಗೋಡೆ ನೋಡ್ತಾ ಕೂತಿರ್ತಾರೆ. ಡಾಕ್ಟ್ರನ್ನ ಕೇಳಿದ್ರೆ "ನೋಡೋಣ" ಅಂತಾರೆ. ಸ್ಕ್ಯಾನ್ ನೋಡಿ ಹೇಳಕ್ಕಾಗಲ್ವಾ ಸರ್ ಅಂತ ಪ್ರಶ್ನೆ.

ಬೇಸಿಕ್ ಬೇಗ ಮುಗಿಸ್ತೀನಿ: ಮೆದುಳಿನ ರಕ್ತನಾಳ ಬ್ಲಾಕ್ ಆಗುತ್ತೆ ಇಲ್ಲಾ ಒಡೆಯುತ್ತೆ, ಆ ಜಾಗ ಸಾಯುತ್ತೆ, ಅದೇ ಲಕ್ವ. ಮುಂದೆ.

ಸ್ಕ್ಯಾನಲ್ಲಿ ಗಾಯ ಎಲ್ಲಿದೆ, ಎಷ್ಟಿದೆ ಅನ್ನೋದು ಕಾಣುತ್ತೆ. ಅದಕ್ಕೂ ಬೆಲೆ ಇದೆ. ಆದ್ರೆ ಹೆಚ್ಚುಕಮ್ಮಿ ಒಂದೇ ಅಳತೆ ಗಾಯ ಇರೋ ಇಬ್ರಲ್ಲಿ ಒಬ್ರು ವಾಪಸ್ ಗಲ್ಲಾ ಮೇಲೆ ಕೂತ್ಕೋತಾರೆ, ಇನ್ನೊಬ್ರಿಗೆ ಗ್ಯಾಸ್ ಆಫ್ ಮಾಡಿದ್ದೇ ನೆನಪಿರಲ್ಲ. ಯಾಕೆ?

ಇಲ್ಲಿ ನಂಗೆ ತಲೆ ಕೆಡಿಸಿದ ಒಂದು ಸ್ಟಡಿ ಇದೆ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಮಾಡಿದ್ದು, 2016ರಲ್ಲಿ ಪ್ರಕಟ ಆಯ್ತು, ಅದರ ಮುಖ್ಯಸ್ಥೆ ಡಾ. ಸುವರ್ಣಾ ಅಲ್ಲಾಡಿ ಆಮೇಲೆ ನಮ್ಮ ನಿಮ್ಹಾನ್ಸ್‌ಗೇ ಬಂದ್ರು. ಸ್ಟ್ರೋಕ್ ಆದ 608 ಜನರನ್ನ ನೋಡಿದ್ರು. ಒಂದೇ ಭಾಷೆ ಆಡೋರಲ್ಲಿ ಯೋಚನೆ, ನೆನಪು ನಾರ್ಮಲ್ ಆಗಿ ಉಳಿದಿದ್ದು ಶೇ. 19.6 ಜನಕ್ಕೆ. ಎರಡು ಅಥವಾ ಹೆಚ್ಚು ಭಾಷೆ ಆಡೋರಲ್ಲಿ? ಶೇ. 40.5! ಡಬಲ್‌ಗಿಂತ ಜಾಸ್ತಿ ಕಣ್ರೀ, ಅದೂ ವಯಸ್ಸು, ಬಿಪಿ, ಶುಗರ್ ಎಲ್ಲಾ ಲೆಕ್ಕಕ್ಕೆ ತಗೊಂಡ್ಮೇಲೆ.

ಸಿಲ್ಕ್ ಬೋರ್ಡ್ ಪೂರ್ತಿ ಜಾಮ್ ಅಂದ್ಕೊಳ್ಳಿ. ಅಂದ್ಕೊಳ್ಳೋದೇನ್ ಬಂತು, ಜಾಮೇ. ಮೇನ್ ರೋಡ್ ಒಂದೇ ಗೊತ್ತಿರೋನು ಅಲ್ಲೇ ಹಾರ್ನ್ ಹೊಡೀತಿರ್ತಾನೆ, ಇಪ್ಪತ್ತು ವರ್ಷ ಆಟೋ ಓಡಿಸಿದ ಅಣ್ಣ ಬಿಟಿಎಂ ಒಳಗೆ ನುಗ್ಗಿ ಯಾವುದೋ ಕ್ರಾಸು, ಯಾವುದೋ ದೇವಸ್ಥಾನದ ಸಂದಿ ಹಿಡಿದು ಆಚೆ ಬಂದಿರ್ತಾನೆ. ಜಾಮ್ ಇಬ್ರಿಗೂ ಒಂದೇ, ಒಳದಾರಿ ಮಾತ್ರ ಅಣ್ಣಂಗೆ ಗೊತ್ತು. ದಿನಾ ಭಾಷೆ ಬದಲಾಯಿಸ್ತಾ ಇದ್ರೆ ಮೆದುಳಿಗೂ ಇಂಥ ಅಭ್ಯಾಸ ಬೀಳುತ್ತೆ ಅನ್ನೋದು ವಾದ, ಇದಕ್ಕೆ ಕಾಗ್ನಿಟಿವ್ ರಿಸರ್ವ್ ಅಂತಾರೆ. ಹತ್ತು ವರ್ಷ ಇಲ್ಲೇ ಇದ್ದು "ಕನ್ನಡ ಗೊತ್ತಿಲ್ಲ" ಅನ್ನೋರೇ, ನಮಗೋಸ್ಕರ ಬೇಡಪ್ಪ, ನಿಮ್ಮ ಮೆದುಳಿಗೋಸ್ಕರ ಕಲೀರಿ.

ಒಂದು ತಕರಾರು: ಮಾತೇ ಬಿದ್ದುಹೋಗೋ ಅಫೇಸಿಯಾ ವಿಷಯದಲ್ಲಿ ಮಾತ್ರ ಎರಡೂ ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. ಭಾಷೆಯಿಂದ ಬಂದ ಲಾಭ ಭಾಷೆಗೇ ಸಿಗಲಿಲ್ಲ, ವಿಚಿತ್ರ!

ಅಯ್ಯೋ, ಟೈಮ್ ಆಗೋಯ್ತು, ಡಿಪ್ರೆಶನ್ ವಿಷಯ ಇನ್ನೂ ಬಾಕಿ ಇದೆ. ಸ್ಟ್ರೋಕ್ ಆದ ಸುಮಾರು ಮೂವರಲ್ಲಿ ಒಬ್ರಿಗೆ ಬರುತ್ತೆ. ಮೆದುಳಿನ ಎಡ ಮುಂಭಾಗಕ್ಕೆ ಪೆಟ್ಟು ಬಿದ್ರೆ ಬರುತ್ತೆ ಅಂತಿದ್ರು, 2000ದಲ್ಲಿ ಸ್ಟಡಿಗಳನ್ನೆಲ್ಲಾ ಒಟ್ಟು ಹಾಕಿ ನೋಡಿದಾಗ ಆ ಥಿಯರಿ ನಿಲ್ಲಲಿಲ್ಲ. ಜಾಸ್ತಿ ಸುಳಿವು ಕೊಡೋದು ಬೇರೆ: ಹಿಂದೆ ಡಿಪ್ರೆಶನ್ ಆಗಿತ್ತಾ, ಎಷ್ಟು ಕೆಲಸಕ್ಕೆ ಇನ್ನೊಬ್ರು ಬೇಕು, ಮರೆವು ಇದೆಯಾ, ಜೊತೆಗೆ ಯಾರಿದ್ದಾರೆ. ಹಾಗಾದ್ರೆ ಎಲ್ರಿಗೂ ಮೊದಲೇ ಮಾತ್ರೆ ಕೊಡಬಹುದಲ್ಲ? ಬ್ರಿಟನ್ನಲ್ಲಿ ಸ್ಟ್ರೋಕ್ ಆದ 3,127 ಜನರ ಮೇಲೆ ಫ್ಲುಯೊಕ್ಸೆಟೀನ್ ಅನ್ನೋ ಡಿಪ್ರೆಶನ್ ಮಾತ್ರೆ ಟ್ರೈ ಮಾಡಿದ್ರು, ಡಿಪ್ರೆಶನ್ ಕಮ್ಮಿ ಆಯ್ತು, ಮೂಳೆ ಮುರಿತ ಜಾಸ್ತಿ ಆಯ್ತು, ಓಡಾಟ-ಕೆಲಸದಲ್ಲಿ ಚೇತರಿಕೆ ಏನೂ ಹೆಚ್ಚಲಿಲ್ಲ. ಸೋ, ಎಲ್ರಿಗೂ ಬೇಡ.

ಇನ್ನೊಂದು ಗಂಟು: ಮನಸ್ಸು ಕುಗ್ಗಿದ್ರೆ ನೆನಪಿನ ಟೆಸ್ಟಲ್ಲೂ ಮಾರ್ಕ್ಸ್ ಬೀಳುತ್ತೆ. ಬಸವನಗುಡಿ ಅಪ್ಪ ಲೆಕ್ಕ ತಪ್ಪೋದು ಮರೆವಿಂದಲೋ, ಬೇಜಾರಿಂದಲೋ, ಎರಡರಿಂದಲೋ? ಕೂತು ವಿಚಾರಿಸ್ದೆ ಗೊತ್ತಾಗಲ್ಲ, ಡಾಕ್ಟ್ರು "ನೋಡೋಣ" ಅಂದಿದ್ದು ಅರ್ಧ ಸರಿ. ಇನ್ನರ್ಧಕ್ಕೆ ನೀವೇ ಮುಂದಿನ ಸಲ ಕೇಳಿ: "ಸರ್, ಅಪ್ಪನಿಗೆ ಡಿಪ್ರೆಶನ್ ಇದೆಯಾ ಚೆಕ್ ಮಾಡ್ತೀರಾ?" ಅದಕ್ಕೆ ಟ್ರೀಟ್‌ಮೆಂಟ್ ಇದೆ. ಅಲ್ಲೀವರೆಗೂ ಮಾತಾಡಕ್ಕೆ ಯಾರಾದ್ರೂ ಬೇಕು ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಹೆಲ್ಪ್‌ಲೈನ್ ಟೆಲಿ ಮಾನಸ್, 14416, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.