ಇಂಟರ್‌ವ್ಯೂ ಆದಮೇಲೆ ಏನಾಗುತ್ತದೆ? 500-ಡಿ ಬಸ್ಸಿನಲ್ಲಿ ಮಾತುಕತೆ

ಕೆ.ಆರ್. ಪುರ ಮೆಟ್ರೋ ಇಳಿದು 500-ಡಿ ಹತ್ತಿದ್ದೇನೆ. ರಶ್ ನಿಮಗೇ ಕಾಣುತ್ತಿದೆ. ಆಫೀಸ್ ಒಳಗೆ ಕ್ಯಾಮೆರಾ ಬಿಡುವುದಿಲ್ಲ, ಹಾಗಾಗಿ ಗೇಟ್ ತನಕ ಮಾತಾಡೋಣ.

ಇವತ್ತು ಮಧ್ಯಾಹ್ನ ಸಾಫ್ಟ್‌ವೇರ್ ಕೆಲಸಕ್ಕೆ ಒಂದು ಇಂಟರ್‌ವ್ಯೂ ಇದೆ. ಕೊಡುವುದಲ್ಲ, ತೆಗೆದುಕೊಳ್ಳುವುದು. ದೊಡ್ಡ ಕಂಪನಿಗಳಲ್ಲಿ ಈಗಲೂ ಒಗಟು ಕೇಳುತ್ತಾರಾ ಅಂತ ತುಂಬಾ ಜನ ಕೇಳುತ್ತೀರಿ. ಮ್ಯಾನ್‌ಹೋಲ್ ಮುಚ್ಚಳ ಯಾಕೆ ದುಂಡಗಿದೆ, ಆ ಥರದ್ದು. ನಾನಂತೂ ಕೇಳುವುದಿಲ್ಲ. ಗೂಗಲ್‌ನಲ್ಲಿ ನೇಮಕಾತಿ ನೋಡಿಕೊಳ್ಳುತ್ತಿದ್ದ ಲಾಸ್ಲೋ ಬಾಕ್ 2013ರಲ್ಲೇ ಹೇಳಿದ್ದರು, ಇದೆಲ್ಲ ಬರೀ ಟೈಮ್ ವೇಸ್ಟ್, ಯಾರು ಚೆನ್ನಾಗಿ ಕೆಲಸ ಮಾಡುತ್ತಾರೆ ಅಂತ ಇದರಿಂದ ತಿಳಿಯುವುದಿಲ್ಲ ಅಂತ.

ಈಗ ಕೋಡಿಂಗ್ ರೌಂಡ್, ಅಂದರೆ ಕೊಟ್ಟ ಪ್ರಶ್ನೆಗೆ ಅಲ್ಲೇ ಕೋಡ್ ಬರೆದು ತೋರಿಸುವುದು. ಸಾಮಾನ್ಯವಾಗಿ 45 ನಿಮಿಷ. ನನಗೆ ಇದೂ ಸರಿ ಅನ್ನಿಸುವುದಿಲ್ಲ. ನಮ್ಮ ದಿನದ ಕೆಲಸ ಏನು? ಯಾರೋ ಬರೆದು ಬಿಟ್ಟುಹೋದ ಹಳೇ ಕೋಡ್ ಓದುವುದು, ಡಿಸೈನ್ ಡಾಕ್ಯುಮೆಂಟ್ ಬರೆಯುವುದು, ರಿವ್ಯೂ ಮಾಡುವುದು, ಮೀಟಿಂಗ್. ಇಂಟರ್‌ವ್ಯೂನಲ್ಲಿ ಕೇಳುವ ಒಗಟಿನಂಥ ಕೋಡಿಂಗ್ ಪ್ರಶ್ನೆ ಬಿಡಿಸುತ್ತಾ ಯಾರೂ ಕೂತಿರುವುದಿಲ್ಲ.

ಆದರೂ... ಇಲ್ಲ, ಇರಲಿ ಬಿಡಿ. ಕಾಲೇಜಿನ ಹೆಸರು ನೋಡಿಯೇ ಆರಿಸಿದ್ದರೆ ಗದಗ, ತುಮಕೂರಿನಲ್ಲಿ ಓದಿದವರನ್ನು ಕೇಳುವವರೇ ಇರುತ್ತಿರಲಿಲ್ಲ. ಕೋಡ್ ಬರೆದು ತೋರಿಸು ಅಂದರೆ ಅವರಿಗೂ ಒಂದು ಅವಕಾಶ ಸಿಗುತ್ತದೆ. ಕೋಡಿಂಗ್ ರೌಂಡ್ ಇರಬೇಕು.

ಈ ಕಂಬಗಳನ್ನು ನೋಡಿ, ನೀಲಿ ಮಾರ್ಗದ್ದು. ಸಿಲ್ಕ್ ಬೋರ್ಡ್‌ನಿಂದ ಇಲ್ಲಿಗೆ ಮೆಟ್ರೋ ಬಂದರೆ ರಿಂಗ್ ರೋಡ್‌ನಲ್ಲಿ ಓಡಾಡುವವರ ಜೀವ ಉಳಿಯುತ್ತದೆ. ಈ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಇಂಟರ್‌ವ್ಯೂಗೆ ಬಂದವರು ಮೊದಲ ಐದು ನಿಮಿಷ ಉಸಿರಾಡಲಿ ಅಂತ ನಾನು ಸುಮ್ನೆ ಊರು, ಊಟ ಅಂತ ಮಾತಾಡಿಸುತ್ತೇನೆ.

ಸರಿ, ನನ್ನ ಸಿಟ್ಟು ಇರುವುದು ಬೇರೆ ಕಡೆ. ಹಿಂದೆ ನಾನಿದ್ದ ಕಂಪನಿಯಲ್ಲಿ ಒಬ್ಬಳು ಹುಡುಗಿಯ ಇಂಟರ್‌ವ್ಯೂ ತೆಗೆದುಕೊಂಡಿದ್ದೆ. ಪ್ರಶ್ನೆ ಸರಳ. ಒಂದಷ್ಟು ಸಂಖ್ಯೆ ಕೊಟ್ಟಿರುತ್ತದೆ, ಯಾವ ಎರಡನ್ನು ಕೂಡಿದರೆ ಬೇಕಾದ ಮೊತ್ತ ಬರುತ್ತದೆ ಹುಡುಕು. ಎರಡು ಲೂಪ್ ಹಾಕಿ ಒಂದೊಂದು ಸಂಖ್ಯೆಯನ್ನೂ ಉಳಿದೆಲ್ಲದರ ಜೊತೆ ಕೂಡಿ ನೋಡಿದರೆ ನಿಧಾನ. ನೋಡಿದ ಸಂಖ್ಯೆಗಳನ್ನು ಹ್ಯಾಶ್ ಮ್ಯಾಪ್‌ನಲ್ಲಿ, ಅಂದರೆ ಬೇಕಾದದ್ದು ತಟ್ಟನೆ ಸಿಗುವ ಪಟ್ಟಿಯಲ್ಲಿ, ಇಟ್ಟುಕೊಂಡರೆ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ. ಅವಳಿಗೆ ಅದು ಗೊತ್ತಿತ್ತು. ಆದರೆ ತುಂಬಾ ಹೊತ್ತು ಬಾಯಿ ಬಿಡಲಿಲ್ಲ. ತಲೆಯಲ್ಲೇ ಎಲ್ಲ ಯೋಚಿಸಿ ಕೊನೆಗೆ ಕೋಡ್ ಬರೆದಳು. ಮುಂದಿನ ಪ್ರಶ್ನೆಗೆ ಟೈಮೇ ಉಳಿಯಲಿಲ್ಲ. ಏಳುವಾಗ ಕೇಳಿದಳು, "ಮೇಡಂ, ಎಲ್ಲಿ ತಪ್ಪಾಯಿತು?"

ಹೇಳುವ ಹಾಗಿಲ್ಲ. ಅಲ್ಲಿನ ರೂಲ್ಸ್. ನಾನು ಒಳಗೆ ಒಂದು ಪುಟ ಫೀಡ್‌ಬ್ಯಾಕ್ ಬರೆದೆ. ತರ್ಕ ಗಟ್ಟಿ, ಕೋಡ್ ಶುದ್ಧ, ಆದರೆ ಯೋಚನೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ ಅಂತ. ಅದನ್ನು ಓದಿದ್ದು ಯಾರು? ಯಾರನ್ನು ತೆಗೆದುಕೊಳ್ಳಬೇಕು ಅಂತ ತೀರ್ಮಾನಿಸುವ, ಅವಳ ಮುಖವನ್ನೇ ನೋಡದ ಕಮಿಟಿ. ಅವಳಿಗೆ ಹೋಗಿದ್ದು ಮೂರು ಸಾಲಿನ ಮೇಲ್, ಬೇರೆಯವರನ್ನು ಆರಿಸಿದ್ದೇವೆ, ಶುಭವಾಗಲಿ. ರಜೆ ಹಾಕಿ, ರಾತ್ರಿಯೆಲ್ಲ ಓದಿ, ರೌಂಡ್ ಮೇಲೆ ರೌಂಡ್ ಕೊಟ್ಟವರಿಗೆ ಇಷ್ಟೇನಾ? ಕಾರಣ ಹೇಳಿದರೆ ಕೇಸ್ ಹಾಕಿಬಿಡುತ್ತಾರೆ ಅನ್ನುವ ಭಯವಂತೆ ಕಂಪನಿಗೆ. ಭಯ ಇರಲಿ, ಒಂದು ಸಾಲು ಹೇಳಬಹುದಲ್ವಾ? "ಯೋಚಿಸುವುದನ್ನು ಬಾಯಿಬಿಟ್ಟು ಹೇಳಿ" ಅಂತ ಒಂದೇ ಸಾಲು. ಆ ಹುಡುಗಿ ಈಗಲೂ ತನಗೆ ಕೋಡಿಂಗ್ ಬರಲ್ಲ ಅಂದುಕೊಂಡಿರಬಹುದು. ಅದು ನನಗೆ ತಡೆಯಲಾಗುವುದಿಲ್ಲ.

ಕನ್ನಡ ಮೀಡಿಯಂನಿಂದ ಬಂದವರಲ್ಲಿ ಇದನ್ನು ಜಾಸ್ತಿ ನೋಡಿದ್ದೇನೆ. ಉತ್ತರ ಗೊತ್ತಿರುತ್ತದೆ, ಇಂಗ್ಲಿಷ್ ವಾಕ್ಯ ಜೋಡಿಸುವುದರಲ್ಲಿ ನಿಮಿಷಗಳು ಹೋಗುತ್ತವೆ. ವ್ಯಾಕರಣಕ್ಕೆ ನಾನು ಮಾರ್ಕ್ಸ್ ಕೊಡುವುದಿಲ್ಲ. "ಫಸ್ಟ್ ಟೂ ಲೂಪ್ಸ್, ಸ್ಲೋ, ಸೋ ಮ್ಯಾಪ್" ಅಂದರೂ ನನಗೆ ಸಾಕು.

ಅಯ್ಯೋ, ಮಾರತಹಳ್ಳಿ ಬಂದೇಬಿಟ್ಟಿತು. ಬೇಗ ಹೇಳಿಬಿಡುತ್ತೇನೆ. ಮುಂದಿನ ವಿಡಿಯೋ ಒಂದು ಮಾಕ್ ಇಂಟರ್‌ವ್ಯೂ, ಅಂದರೆ ಅಭ್ಯಾಸಕ್ಕೆ ಮಾಡುವ ಇಂಟರ್‌ವ್ಯೂ, ಮೊದಲು ಕನ್ನಡದಲ್ಲಿ, ಆಮೇಲೆ ಅದೇ ಪ್ರಶ್ನೆ ಇಂಗ್ಲಿಷ್‌ನಲ್ಲಿ. ಕೂರಲು ಇಷ್ಟ ಇರುವವರು ಕೆಳಗೆ ಬರೆಯಿರಿ. ಮುಗಿದ ಮೇಲೆ ಎಲ್ಲಿ ಎಡವಿದಿರಿ ಅಂತ ಒಂದೂ ಬಿಡದೆ ಹೇಳುತ್ತೇನೆ.