ಮೊದಲು ನೀರು ಕುಡೀರಿ ಸಾರ್

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಅದರಲ್ಲಿ ಮೊದಲ ಎಂಟು ವರ್ಷ ಕ್ಯಾಷ್ ಕೌಂಟರಿನಲ್ಲೇ ಕಳೆದೆ. ನಾನು ಡಾಕ್ಟರೂ ಅಲ್ಲ, ಯೋಗ ಕಲಿಸುವವನೂ ಅಲ್ಲ. ಒತ್ತಡದ ಬಗ್ಗೆ ರೇಡಿಯೋದಲ್ಲಿ ಮಾತಾಡಬೇಕು ಅಂದಾಗ ನನ್ನ ಹೆಂಡತಿ ನಕ್ಕುಬಿಟ್ಟಳು. "ನಿಮ್ಮಷ್ಟು ಅನುಭವ ಇನ್ಯಾರಿಗಿದೆ, ಹೋಗಿ ಬನ್ನಿ" ಅಂದಳು. ಆ ಅನುಭವವನ್ನೇ ಹೇಳುತ್ತೇನೆ.

1986ನೇ ಇಸವಿ. ನಮ್ಮ ಶಾಖೆಗೆ ಕಂಪ್ಯೂಟರ್ ಬಂದಿರಲಿಲ್ಲ. ಎಲ್ಲ ಲೆಕ್ಕವೂ ದಪ್ಪ ದಪ್ಪ ಪುಸ್ತಕಗಳಲ್ಲಿ. ಸಂಜೆ ಕ್ಯಾಷ್ ಟ್ಯಾಲಿ ಆಗಬೇಕು, ಆಗದಿದ್ದರೆ ಯಾರೂ ಮನೆಗೆ ಹೋಗುವಂತಿಲ್ಲ. ಒಂದು ಸಂಜೆ ನನ್ನ ಲೆಕ್ಕದಲ್ಲಿ 4,500 ರೂಪಾಯಿ ಕಡಿಮೆ ಬಂತು. ಆಗಿನ ನನ್ನ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ ಅದು. ಹಣ ಸಿಗದಿದ್ದರೆ ಕ್ಯಾಷಿಯರೇ ಕೈಯಿಂದ ಕಟ್ಟಬೇಕು. ನೋಟಿನ ಕಟ್ಟುಗಳನ್ನೆಲ್ಲ ಮೂರು ಸಲ ಎಣಿಸಿದೆ. ಮೂರು ಸಲಕ್ಕೂ ಮೂರು ಲೆಕ್ಕ ಬಂತು! ಅಂಗೈ ಬೆವರುತ್ತಿತ್ತು, ಬಾಯಿ ಒಣಗಿತ್ತು. ಹಿಂದೆ ನಿಂತಿದ್ದವರು ಏನೋ ಕೇಳುತ್ತಿದ್ದರು, ಒಂದು ಪದವೂ ಕಿವಿಗೆ ಇಳಿಯುತ್ತಿರಲಿಲ್ಲ.

ನಮ್ಮಲ್ಲಿ ಒಬ್ಬರು ಅಟೆಂಡರ್ ಇದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಸ್ಟೀಲ್ ಲೋಟದಲ್ಲಿ ನೀರು ತಂದು ಮೇಜಿನ ಮೇಲಿಟ್ಟರು. "ಮೊದಲು ನೀರು ಕುಡೀರಿ ಸಾರ್. ಕೂತ್ಕೊಂಡು ಕುಡೀರಿ. ನೋಟು ಎಲ್ಲಿಗೂ ಓಡಿಹೋಗಲ್ಲ" ಅಂದರು.

ಕೂತೆ. ಒಂದೊಂದೇ ಗುಟುಕು ಕುಡಿದೆ. ಕಿಟಕಿಯಾಚೆ ಹೊಂಗೆ ಮರದ ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು, ಅದನ್ನೇ ನೋಡುತ್ತಾ ಎರಡು ನಿಮಿಷ ಸುಮ್ಮನಿದ್ದೆ. ಆಗ ಹೊಳೆಯಿತು. ನಾಲ್ಕು ಐದು ಸೇರಿದರೆ ಒಂಬತ್ತು, ಅಂದರೆ 4,500 ಒಂಬತ್ತರಿಂದ ಸರಿಯಾಗಿ ಭಾಗವಾಗುತ್ತದೆ. ಲೆಕ್ಕದ ವ್ಯತ್ಯಾಸ 9ರಿಂದ ಸರಿಯಾಗಿ ಭಾಗವಾದರೆ, ಎಲ್ಲೋ ಎರಡು ಅಂಕಿ ಹಿಂದುಮುಂದಾಗಿರಬಹುದು ಅಂತ ಹುಡುಕಬೇಕು. ಕೌಂಟರಿಗೆ ಹೊಸದಾಗಿ ಬಂದವರಿಗೆ ಹಳಬರು ಹೇಳಿಕೊಡುವ ಮೊದಲ ಪಾಠ ಇದು. ಚಲನ್‌ಗಳನ್ನು ತಿರುವಿ ಹಾಕಿದೆ. ಸಿಕ್ಕಿತು. ಯಾರೋ 2,700 ಕಟ್ಟಿದ್ದನ್ನು ಪುಸ್ತಕದಲ್ಲಿ 7,200 ಅಂತ ಬರೆದಿದ್ದೆ. ನನ್ನದೇ ದುಂಡಗಿನ ಅಕ್ಷರ.

ನೋಡಿ, ಆ ಪಾಠ ನನಗೆ ಬಾಯಿಪಾಠವಾಗಿತ್ತು. ಎಷ್ಟೋ ಜನರಿಗೆ ನಾನೇ ಹೇಳಿಕೊಟ್ಟಿದ್ದೆ. ಬೇಕಾದ ಆ ಅರ್ಧ ಗಂಟೆಯಲ್ಲಿ ಮಾತ್ರ ಅದು ನನ್ನ ಕೈಗೆ ಸಿಗಲಿಲ್ಲ. ಒತ್ತಡ ನಮ್ಮಿಂದ ಕಿತ್ತುಕೊಳ್ಳುವುದು ಇದನ್ನೇ. ಇಂಥ ಹೊತ್ತಿನಲ್ಲಿ "ಸಮಾಧಾನವಾಗಿ ಯೋಚನೆ ಮಾಡು" ಅಂತ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಯೋಚನೆ ಮಾಡುವ ಯಂತ್ರವೇ ಕೆಟ್ಟು ಕೂತಿದೆಯಲ್ಲ! ಅಟೆಂಡರ್ ಯೋಚನೆಯ ಮಾತೇ ಎತ್ತಲಿಲ್ಲ. ಮೈಗೆ ಒಂದು ಕೆಲಸ ಕೊಟ್ಟರು, ಅಷ್ಟೇ.

ಅವರು ಮಾಡಿದ್ದು ಸರಿ ಅನ್ನುವುದು ಆಮೇಲೆ ಅಲ್ಲಿ ಇಲ್ಲಿ ಓದಿದಾಗ ಗೊತ್ತಾಯಿತು. ನಮ್ಮ ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟ ಹಾಗೆ ಎರಡು ಪುಟ್ಟ ಗ್ರಂಥಿಗಳಿವೆ. ಗಾಬರಿಯಾದ ಕೂಡಲೇ ಅವು ಅಡ್ರಿನಲಿನ್ ಎಂಬ ಹಾರ್ಮೋನ್ ಸುರಿಸುತ್ತವೆ, ಹಿಂದೆಯೇ ಕಾರ್ಟಿಸೋಲ್ ಎಂಬ ಇನ್ನೊಂದು. ಎದೆ ಡವಡವ ಅನ್ನುತ್ತದೆ, ಕೈಕಾಲಿಗೆ ರಕ್ತ ನುಗ್ಗುತ್ತದೆ, ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ಓಡುವುದಕ್ಕೋ ಹೊಡೆದಾಡುವುದಕ್ಕೋ ಮೈ ತಯಾರಾಗುವ ರೀತಿ ಅದು. ಕೆನಡಾದ ಮಾಂಟ್ರಿಯಲ್‌ನಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳಿಗೆ ಚಳಿ, ಗಾಯ, ವಿಪರೀತ ದಣಿವು, ಹೀಗೆ ಬೇರೆ ಬೇರೆ ತೊಂದರೆ ಕೊಟ್ಟು ನೋಡಿದರು. ತೊಂದರೆ ಯಾವುದೇ ಇರಲಿ, ಮೈಯೊಳಗೆ ಆಗುತ್ತಿದ್ದ ಬದಲಾವಣೆ ಒಂದೇ ಥರ. 1936ರಲ್ಲಿ ಅದನ್ನು ಒಂದು ಚಿಕ್ಕ ಟಿಪ್ಪಣಿಯಾಗಿ ಪ್ರಕಟಿಸಿದರು. ಅಂದರೆ ಎದುರಿಗೆ ಹುಲಿ ಬಂದರೂ ಅಷ್ಟೇ, ಇನ್‌ಸ್ಪೆಕ್ಷನ್‌ಗೆ ಸಾಹೇಬರು ಬಂದರೂ ಅಷ್ಟೇ. ಹುಲಿ ಒಂದು ಗಳಿಗೆಯಲ್ಲಿ ಹೋಗುತ್ತದೆ. ಸಾಹೇಬರು ಮೂರು ದಿನ ಇರುತ್ತಾರೆ.

ಈಗ ಎದೆಗೆ ನಿಧಾನವಾಗಿ ಬಡಿ ಅಂತ ಅಪ್ಪಣೆ ಮಾಡೋಕೆ ಆಗುತ್ತಾ? ಹೊಟ್ಟೆಗೆ ಹೇಳೋಕೆ ಆಗುತ್ತಾ? ಆಗುವುದಿಲ್ಲ. ಉಸಿರು ಮಾತ್ರ ನಮ್ಮ ಮಾತು ಕೇಳುತ್ತದೆ. ತಾನಾಗಿಯೂ ಓಡುತ್ತದೆ, ನಾವು ಹಿಡಿದರೆ ನಿಧಾನವೂ ಆಗುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ನೋಡಿ. ಉಸಿರು ಎಳೆದುಕೊಳ್ಳುವಾಗ ನಾಡಿ ಚೂರು ಬೇಗ ಬಡಿಯುತ್ತದೆ, ಬಿಡುವಾಗ ಚೂರು ನಿಧಾನವಾಗುತ್ತದೆ. ಎಳೆಯರಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ, ನನ್ನಂಥ ವಯಸ್ಸಾದವರಲ್ಲಿ ಅಷ್ಟಾಗಿ ಇಲ್ಲ. ಹಾಗಾದರೆ ಬಿಡುವ ಉಸಿರನ್ನು ಉದ್ದ ಮಾಡಿದರೆ ಲಾಭ ನಮಗೇ, ಅಲ್ವಾ?

ಒಂದು ಸಲ ಒಟ್ಟಿಗೇ ಮಾಡೋಣ. ಗಾಡಿ ಓಡಿಸುತ್ತಿರುವವರು ಸುಮ್ನೆ ಕೇಳಿ, ಸಾಕು. ಉಳಿದವರು ಬೆನ್ನು ಆನಿಸಿ ಕೂತುಕೊಳ್ಳಿ. ಮೂಗಿನಿಂದ ಎಳೆದುಕೊಳ್ಳಿ. ಒಂದು, ಎರಡು, ಮೂರು, ನಾಲ್ಕು. ಈಗ ನಿಧಾನಕ್ಕೆ ಬಿಡಿ. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಇನ್ನೊಂದು ಸಲ. ಎಳೆದುಕೊಳ್ಳಿ… ಬಿಡಿ…

ಹತ್ತು ಸೆಕೆಂಡಿಗೆ ಒಂದು ಉಸಿರು, ನಿಮಿಷಕ್ಕೆ ಆರು. ದೊಡ್ಡವರು ಸುಮ್ಮನೆ ಕೂತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಅದರ ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಇಳಿಸಿದ ಹಾಗಾಯಿತು. ಉಸಿರು ಕಟ್ಟಿ ಹಿಡಿಯುವುದು ಬೇಡ. ತಲೆ ಸುತ್ತಿದರೆ ನಿಲ್ಲಿಸಿ. ಉಬ್ಬಸ ಇರುವವರು ತಮ್ಮ ಡಾಕ್ಟರನ್ನು ಕೇಳಿಕೊಂಡೇ ಮಾಡಿ.

ಇಲ್ಲೊಂದು ಮಾತು, ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ ಎಂ. ವಿ. ಗೋಪಾಲಸ್ವಾಮಿಯವರು ಯಾರು ಗೊತ್ತಾ? ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರೊಫೆಸರು. ಆ ಕೇಂದ್ರದ ಹೆಸರು ಆಕಾಶವಾಣಿ. ಆಮೇಲೆ ಇಡೀ ದೇಶದ ರೇಡಿಯೋಗೆ ಅದೇ ಹೆಸರು ಬಂತು. ಮನಸ್ಸಿನ ಪಾಠ ಹೇಳುತ್ತಿದ್ದವರು ರೇಡಿಯೋ ಹಚ್ಚಿದರು ಅನ್ನುವುದು ನನಗೆ ಬಹಳ ಇಷ್ಟ. ಮಧ್ಯಾಹ್ನ ಊಟ ಆದ ಮೇಲೆ ಹಳೇ ಚಿತ್ರಗೀತೆ ಕೇಳುತ್ತಾ ನಮ್ಮಮ್ಮ ಅಕ್ಕಿ ಆರಿಸುತ್ತಿದ್ದಳು. ಆ ಹೊತ್ತಿನಲ್ಲಿ ಅವಳು ಯಾರಿಗೂ ಬೈದದ್ದು ನೆನಪಿಲ್ಲ.

ಇರಲಿ. ಉಸಿರಿನ ವಿಷಯದಲ್ಲಿ ಕಷ್ಟ ಅಂದರೆ, ಮಾಡಬೇಕು ಅನ್ನುವುದೇ ಮರೆತುಹೋಗುತ್ತದೆ. ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಅರ್ಧ ಗಂಟೆ ಧ್ಯಾನ ಅಂತ ನಾನು ಎಷ್ಟು ಯುಗಾದಿಗೆ ಶಪಥ ಮಾಡಿದ್ದೇನೋ ಲೆಕ್ಕವಿಲ್ಲ. ಯಾವುದೂ ಅಕ್ಷಯ ತದಿಗೆ ತನಕ ಬಾಳಲಿಲ್ಲ. ಕೊನೆಗೆ ಉಳಿದದ್ದು ಬೇರೆ ಕೆಲಸದ ಬೆನ್ನಿಗೆ ಕಟ್ಟಿದ ಅಭ್ಯಾಸಗಳು. ನಮ್ಮ ಮನೆಯಲ್ಲಿ ಒಲೆಯ ಮೇಲೆ ಕುಕ್ಕರ್ ಇದ್ದಾಗ ಅದರ ಕಾವಲು ನನ್ನದು. ಮೂರು ಸಲ ಕೂಗುವ ತನಕ ಅಲ್ಲೇ ನಿಂತು ಉಸಿರು ಎಣಿಸುತ್ತೇನೆ. ಅನ್ನವೂ ಆಗುತ್ತದೆ. ಕುಕ್ಕರ್ ಕೂಗುವುದು ತಪ್ಪುವುದಿಲ್ಲ, ಹಾಗಾಗಿ ನನ್ನ ಅಭ್ಯಾಸವೂ ತಪ್ಪುವುದಿಲ್ಲ.

ನನ್ನ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಅವಳಿಗೂ ಇದನ್ನು ಹೇಳಿಕೊಟ್ಟೆ. "ಅಪ್ಪಾ, ಮೀಟಿಂಗ್‌ನಲ್ಲಿ ಹೀಗೆ ಮಾಡಿದರೆ ನಿಟ್ಟುಸಿರು ಬಿಟ್ಟ ಹಾಗೆ ಕೇಳತ್ತೆ. ಎಲ್ಲರೂ ನನ್ನನ್ನೇ ನೋಡ್ತಾರೆ" ಅಂದಳು. ಅದೂ ನಿಜವೇ. ಅವಳಿಗೆ ಒಗ್ಗಿದ್ದು ಬೇರೆ. ಎಡ್ಮಂಡ್ ಜೇಕಬ್‌ಸನ್ ಅಂತ ಅಮೆರಿಕದ ವೈದ್ಯರೊಬ್ಬರು ಸುಮಾರು ನೂರು ವರ್ಷದ ಹಿಂದೆ ಒಂದು ವಿಧಾನ ಹೇಳಿದರು. ಸ್ನಾಯುಗಳನ್ನು ಬೇಕಂತಲೇ ಬಿಗಿ ಮಾಡಬೇಕು, ಆಮೇಲೆ ಪೂರ್ತಿ ಸಡಿಲ ಬಿಡಬೇಕು. ಸಡಿಲ ಅಂದರೆ ಹೇಗಿರುತ್ತದೆ ಅಂತ ಮೈಗೆ ಆಗ ತಿಳಿಯುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕ್ಯಾಬ್ ನಿಂತಾಗ ಅವಳು ಭುಜ ಎರಡನ್ನೂ ಕಿವಿಯ ತನಕ ಎತ್ತಿ, ಐದು ಎಣಿಸಿ, ದೊಪ್ಪಂತ ಬಿಡುತ್ತಾಳೆ. ಅಲ್ಲಿ ಸಮಯಕ್ಕೇನು ಬರ ಇಲ್ಲ. ಮೀಟಿಂಗ್‌ನಲ್ಲಾದರೆ ಮೇಜಿನ ಕೆಳಗೆ ಮುಷ್ಟಿ ಕಟ್ಟಿ ಬಿಡುತ್ತಾಳಂತೆ. ಯಾರಿಗೂ ಕಾಣುವುದಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ಫೋನು ನೋಡಬೇಡಿ ಅಂತ ಎಲ್ಲರೂ ಹೇಳಿಯಾಗಿದೆ. ನಾನು ಒಂದೇ ಮಾತು ಸೇರಿಸುತ್ತೇನೆ. ಎಚ್ಚರವಾದ ಅರ್ಧ ಮುಕ್ಕಾಲು ಗಂಟೆಯಲ್ಲಿ ಕಾರ್ಟಿಸೋಲ್ ತಾನಾಗಿಯೇ ಏರುತ್ತದೆ. ನಮ್ಮನ್ನು ಹಾಸಿಗೆಯಿಂದ ಎಬ್ಬಿಸಲು ಅದು ಬೇಕು. ಆಗಲೇ ಊರಿನ ಜಗಳವನ್ನೆಲ್ಲ ಕಣ್ಣಿಗೆ ತುಂಬಿಕೊಂಡರೆ ಉರಿಯುವ ಒಲೆಗೆ ಸೀಮೆಎಣ್ಣೆ ಹಾಕಿದ ಹಾಗೆ. ನನ್ನ ಹೆಂಡತಿ ಆ ಹೊತ್ತಿಗೆ ಬಾಗಿಲಿಗೆ ರಂಗೋಲಿ ಹಾಕುತ್ತಿರುತ್ತಾಳೆ. ಒಂದು ದಿನ ನಾನೂ ಹಾಕಿ ನೋಡಿದೆ. ಏಳು ಚುಕ್ಕಿಯದ್ದು. ಗೆರೆ ಎಲ್ಲೆಲ್ಲೋ ಹೋಯಿತು, ಹಾಲು ಹಾಕುವ ಹುಡುಗ ನಿಂತು ನೋಡಿ ನಕ್ಕ. ಒಂದು ಮಾತು ನಿಜ, ಆ ಹತ್ತು ನಿಮಿಷ ನನಗೆ ಬೇರೆ ಯೋಚನೆಯೇ ಬರಲಿಲ್ಲ. ಕೈ ಚುಕ್ಕಿಯ ಹಿಂದೆ, ಕಣ್ಣು ಕೈಯ ಹಿಂದೆ.

ಕಾಫಿ ಬಿಡಿ ಅಂತ ಮೈಸೂರಿನಲ್ಲಿ ಕೂತು ಹೇಳುವಷ್ಟು ಧೈರ್ಯ ನನಗಿಲ್ಲ. ಹೊತ್ತು ಮಾತ್ರ ನೋಡಿಕೊಳ್ಳಿ. ಕುಡಿದ ಕೆಫೀನ್‌ನಲ್ಲಿ ಅರ್ಧ ಮೈಯಿಂದ ಇಳಿಯುವುದಕ್ಕೆ ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಗಟ್ಟಿ ಡಿಕಾಕ್ಷನ್ ಕುಡಿದರೆ ರಾತ್ರಿ ಹನ್ನೊಂದಕ್ಕೂ ಅದರ ಅರ್ಧ ಒಳಗೇ ಇರುತ್ತದೆ. ಆಮೇಲೆ ನಿದ್ದೆ ಬರಲಿಲ್ಲ, ಚಿಂತೆ ಜಾಸ್ತಿ ಅಂತ ಮಗ್ಗುಲು ಬದಲಿಸುತ್ತಾ ಇರುತ್ತೇವೆ. ನನ್ನ ಕೊನೆಯ ಲೋಟ ಈಗ ಮೂರು ಗಂಟೆಗೆ. ಸಂಜೆ ಅದರ ಬದಲು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು. ಮೊದಮೊದಲು ಕಾಫಿಯೇ ವಾಸಿ ಅನ್ನಿಸಿತ್ತು.

ರಾತ್ರಿಯದ್ದೊಂದು ಇದೆ, ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು. ಮಲಗುವ ಮೊದಲು ಒಂದು ಚೀಟಿಯಲ್ಲಿ ನಾಳೆಯ ಕೆಲಸ ಬರೆದಿಡುತ್ತೇನೆ. ಕರೆಂಟ್ ಬಿಲ್, ತಂಗಿಗೆ ಫೋನು, ಹಲ್ಲಿನ ಡಾಕ್ಟರು, ಹೀಗೆ. ಬರೆಯದಿದ್ದರೆ ಅವೆಲ್ಲ ಒಂದೊಂದಾಗಿ ದಿಂಬಿನ ಹತ್ತಿರ ಬಂದು ನಿಲ್ಲುತ್ತವೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದರು. ಮಲಗುವ ಮುಂಚೆ ಐದು ನಿಮಿಷ ಮುಂದಿನ ಕೆಲಸಗಳನ್ನು ಬರೆದವರಿಗೆ, ಮುಗಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆ ಬಂತಂತೆ. ನೋಡಿದ್ದು 57 ಜನರನ್ನು, ಎಲ್ಲರೂ ಎಳೆಯರು. ಹಾಗಾಗಿ ಅದನ್ನೇ ವೇದವಾಕ್ಯ ಅಂತ ಹಿಡಿಯಬೇಡಿ. ನನಗಂತೂ ಚೀಟಿ ಬರೆದಿಟ್ಟರೆ ಸಂಜೆ ಕ್ಯಾಷ್ ಟ್ಯಾಲಿ ಮಾಡಿ ಸೇಫಿಗೆ ಬೀಗ ಹಾಕಿದ ಹಾಗೆ. ನಾಳೆ ಬೆಳಿಗ್ಗೆ ತನಕ ಅದರ ಚಿಂತೆ ನನ್ನದಲ್ಲ.

ಇವೆಲ್ಲ ದಿನನಿತ್ಯದ ಸಣ್ಣ ಬಿಸಿಗೆ. ಬೆಂಕಿಯೇ ಹತ್ತಿಕೊಂಡಾಗ ಒಂದು ಲೋಟ ನೀರು ಸಾಲದು. ಎರಡು ವಾರ ಕಳೆದರೂ ನಿದ್ದೆ ಹತ್ತದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಬದುಕೇ ಸಾಕು ಅನ್ನಿಸಿದರೆ ಉಸಿರು ಎಣಿಸುತ್ತಾ ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ. ಬದುಕು ಬೇಡ ಅನ್ನುವ ಯೋಚನೆ ಬಂದರಂತೂ ಎರಡು ವಾರ ಕಾಯುವ ಮಾತೇ ಇಲ್ಲ, ಆ ಕ್ಷಣವೇ ಯಾರಿಗಾದರೂ ಹೇಳಿ. ಸರ್ಕಾರದ ಟೆಲಿ ಮಾನಸ್ ಎಂಬ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನಂಬರ್ ಬರೆದುಕೊಳ್ಳಿ. 14416. ಇನ್ನೊಮ್ಮೆ ಹೇಳುತ್ತೇನೆ, ಒಂದು, ನಾಲ್ಕು, ನಾಲ್ಕು, ಒಂದು, ಆರು. ನಿಮಗೆ ಬೇಡದಿದ್ದರೂ ಬರೆದಿಟ್ಟುಕೊಳ್ಳಿ. ಪಕ್ಕದ ಮನೆಯವರಿಗೆ ಬೇಕಾಗಬಹುದು.

ಆ ಅಟೆಂಡರ್ ನಿವೃತ್ತರಾದ ದಿನ ನಾನು ಅವರಿಗೊಂದು ಸ್ಟೀಲ್ ಲೋಟ ಕೊಟ್ಟೆ. ಯಾಕೆ ಅಂತ ಅವರಿಗೆ ಗೊತ್ತಾಗಲಿಲ್ಲ. ಆ ಸಂಜೆಯನ್ನು ಅವರು ಯಾವತ್ತೋ ಮರೆತಿದ್ದರು.

ಇವತ್ತಿನ ನನ್ನ ಚೀಟಿಯಲ್ಲಿ ಮೊದಲನೇ ಸಾಲೇ "ರೇಡಿಯೋ ಭಾಷಣ" ಅಂತ ಇದೆ. ನಿನ್ನೆ ರಾತ್ರಿ ಬರೆದದ್ದು. ಮನೆಗೆ ಹೋಗಿ ಅದನ್ನು ಹೊಡೆದುಹಾಕಬೇಕು. ನಮಸ್ಕಾರ.